ಗಾಜಿನೊಳಗಿನ ನರಿ

ಬೀರುವಿನಿಂದ ಸ್ವೆಟರ್ ತೆಗೆದೆ, ಡಾಂಬರು ಗುಳಿಗೆಯ ವಾಸನೆ ಬಂತು. ನಿಮಗೆ ಅದು ಚಳಿಗಾಲದ ವಾಸನೆ ಇರಬಹುದು. ನನಗೆ ಸಿಟ್ಟು ಬರುತ್ತದೆ.

ಭೂಕಂಪದ ನಂತರ ಮರಾಠಿ ಸೀಮೆಯ ಗಡಿಯಲ್ಲಿ, ಕಾಸಾರಶಿರಸಿ ಕಡೆಯ ನಮ್ಮ ಊರನ್ನು ರಸ್ತೆಯಾಚೆ ಹೊಸದಾಗಿ ಕಟ್ಟಿದರು. ಹಳೆಯ ಊರಿನ ಕಲ್ಲುರಾಶಿಯ ಮೇಲೆ ಜಾಲಿ, ಬಾರೆ, ಬೇವು ತಾವಾಗಿಯೇ ಬೆಳೆದವು. ಮುಂಗುಸಿ ಬಂತು, ನವಿಲು ಬಂತು, ನರಿಯೂ ಬಂತು. ಕಾಕಾ ಸತ್ತದ್ದು ಆ ಕಲ್ಲುಗಳ ಕೆಳಗೆ. ಕಾಕಿ ಪ್ರತಿ ಅಮಾವಾಸ್ಯೆ ಮನೆಯ ಹೊಸ್ತಿಲಿದ್ದ ಜಾಗದಲ್ಲಿ ಜೋಳದ ರೊಟ್ಟಿ ಇಟ್ಟು ದೂರ ಕೂರುತ್ತಿದ್ದಳು. ನರಿ ತಿಂದರೆ ಕಾಕಾನಿಗೆ ಮುಟ್ಟಿತೆಂದು ಅವಳ ನಂಬಿಕೆ. ಎಂ.ಎ. ಮಾಡಿ ಬಂದಿದ್ದ ನಾನು ಅದು ನರಿಯಲ್ಲ, ನಾಯಿ ಎಂದು ವಾದಿಸಿದ್ದೆ. ಇಂದಿಗೂ ಖಚಿತವಿಲ್ಲ. ನಾನು ಕಂಡದ್ದು ಒಂದು ಕಂದು ಬೆನ್ನು ಮಾತ್ರ. ಬಾಲವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ಆ ಕಾಡನ್ನೆಲ್ಲ ಸವರಿ ಅಲ್ಲೊಂದು ನಿಸರ್ಗ ಸಂಗ್ರಹಾಲಯ ಕಟ್ಟಿದರು. ಉಪೋಷ್ಣವಲಯದ ಕಾಡುಪ್ರಾಣಿಗಳನ್ನು ಉಳಿಸುವುದು ಅದರ ಉದ್ದೇಶವಂತೆ. ಕಡಿದ ಬೇವಿನ ಬೊಡ್ಡೆಯ ಪಕ್ಕದಲ್ಲೇ ‘ಕಾಡು ಉಳಿಸಿ’ ಎಂದು ಬೋರ್ಡು ನೆಟ್ಟಿದ್ದರು.

ಸಂಗ್ರಹಾಲಯ ತೆರೆದ ಮೇಲಿನ ಮೊದಲ ಅಮಾವಾಸ್ಯೆಗೆ ಕಾಕಿ ರೊಟ್ಟಿ ಕಟ್ಟಿಕೊಂಡು ಹೊರಟಳು. ನಾನೂ ಹೋದೆ. ಬಾಗಿಲಿಗೆ ಬಂದು ನಿಂತುಬಿಟ್ಟಳು.

“ಮಾವಶಿ, ಒಳಗ ಬರ್ರಿ, ತಿಕೀಟಿಲ್ಲ,” ಎಂದ ಕಾವಲುಗಾರ.

“ಛತ್ತಿನ ಕೆಳಗ ನಾ ಬರಂಗಿಲ್ಲಪ್ಪಾ. ಮನಿಯಾಗೂ ಪತ್ರಾ ತಗಡಿನ ಶೆಡ್ಡಿನಾಗ ಮಲಗ್ತೀನಿ.”

ನಮ್ಮೂರಿನ ಹಿರಿಯರು ಯಾರೂ ಗಟ್ಟಿ ಮಾಳಿಗೆಯನ್ನು ಮತ್ತೆ ನಂಬಲಿಲ್ಲ. ಅಂಥ ಊರಿಗೆ ಇಷ್ಟು ದಪ್ಪ ಸ್ಲ್ಯಾಬಿನ ಕಟ್ಟಡ.

“ಬಾಬು, ನೀನ ಹೋಗು. ನರಿ ಐತೇನು ನೋಡು.”

ಇತ್ತು. ಗಾಜಿನ ಪೆಟ್ಟಿಗೆಯಲ್ಲಿ, ಹೊಟ್ಟೆಗೆ ಹುಲ್ಲು ತುಂಬಿಸಿಕೊಂಡು, ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತ. ಕೆಳಗಿದ್ದ ಮರಾಠಿ ಸಾಲನ್ನು ಬಾಗಿಲಲ್ಲಿ ನಿಂತ ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ: ಈ ಭಾಗದಲ್ಲಿ ಈಗ ಅಪರೂಪ.

“ಅಪರೂಪ ಹೆಂಗಾತು? ಇವರು ಬರೂ ಮುಂದ ಒಂದ ಅಮಾಸಿ ತಪ್ಪಿಸಿರಲಿಲ್ಲ ಅದು. ಅಪರೂಪ ಮಾಡಿದವರ ಹೆಸರ ಬರದಾರೇನು, ಓದು.”

ಬರೆದಿರಲಿಲ್ಲ.

“ಹಂಗಾರ ರೊಟ್ಟಿ ಅದರ ಮುಂದ ಇಡು,” ಎಂದು ಹೊರಗೆ ನಿಂತೇ ರೊಟ್ಟಿ ಚಾಚಿದಳು.

ಕಾವಲುಗಾರ ಅಡ್ಡ ಬಂದ. “ಖಾಣಾ ಒಳಗ ನಡ್ಯಂಗಿಲ್ರಿ ಸಾಹೇಬ್ರ. ಇರವಿ ಹತ್ತಿದ್ರ ಪ್ರಾಣಿ ಖರಾಬ ಆಗ್ತಾವ.”

ನಾನು ಜಗಳ ತೆಗೆದೆ. ಇರುವೆಯಿಂದ ಕಾಪಾಡುತ್ತೀರಿ, ಕೊಡಲಿಯಿಂದ ಕಾಪಾಡಲಿಲ್ಲ ಎಂದೆ. ಅಥವಾ ಆ ಮಾತು ಹೊಳೆದದ್ದು ಮನೆಗೆ ಬಂದ ಮೇಲೋ ಏನೋ. ಕಾಕಿಯ ಮಾತು ಮಾತ್ರ ಸರಿಯಾಗಿ ನೆನಪಿದೆ.

“ಬಿಡು ಬಾಬು. ಸತ್ತದ್ದು ಸತ್ತವರಿಗೆ ಹೆಂಗ ಮುಟ್ಟಸ್ತೈತಿ?”

ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ಮತ್ತೆಂದೂ ಇಡಲು ಹೋಗಲಿಲ್ಲ.

ನರಿಯೋ ನಾಯಿಯೋ ಎಂದು ಇಷ್ಟು ವರ್ಷ ನನ್ನ ನೆನಪನ್ನೇ ಜಾಡಿಸುತ್ತ ಬಂದೆ. ಅದಲ್ಲ ಕೇಳಬೇಕಾದದ್ದು. ತಿನ್ನಲು ಏನೋ ಒಂದು ಬರುತ್ತಿತ್ತು, ಬರಲು ಅದಕ್ಕೆ ಜಾಗವಿತ್ತು. ಬೀರುವಿನ ಗುಳಿಗೆಗಳನ್ನೆಲ್ಲ ಆರಿಸಿ ಹೊರಗೆಸೆದಿದ್ದೇನೆ. ಸ್ವೆಟರನ್ನು ಹುಳ ತಿಂದರೆ ತಿನ್ನಲಿ.