ದುಡಿಯೋ ಕೈ ಯಾವುದು?

ಕೊಟ್ರಮ್ಮ ಸಿಸ್ಟರ್ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರು: "ದುಡಿಯೋ ಕೈ ಯಾವುದು?" ಹೆಸರು, ವಯಸ್ಸು, ಯಾರ ಮನೆ ಎಲ್ಲ ಆಮೇಲೆ. ಬಲಗೈ ಅಂದರೆ ಎಡತೋಳಿಗೆ ಚುಚ್ಚುವರು, ಎಡಗೈ ಅಂದರೆ ಬಲತೋಳಿಗೆ. "ನಾನು ಚುಚ್ಚಿ ಬಸ್ಸು ಹತ್ತಿ ಹೋಗ್ತೀನಿ. ನಾಳೆ ರೊಟ್ಟಿ ಬಡಿಯೋರು ನೀವಲ್ಲೇನು?" ಅನ್ನುವರು. ಕೈಗೂಸು ಬಂದರೆ ತಾಯಿಯ ಕಡೆ ತಿರುಗಿ, "ಯಾವ ಕಂಕುಳಾಗೆ ಎತ್ಕೊಂತೀಯವ್ವ?" ಅಂತ ಕೇಳಿ, ಎತ್ತಿಕೊಂಡಾಗ ಅವಳ ಕೈ ಒತ್ತದಂಥ ತೊಡೆ ಆರಿಸುವರು. ಇಷ್ಟು ಸಣ್ಣ ಪ್ರಶ್ನೆ ಕೇಳುವ ಇನ್ನೊಬ್ಬ ನರ್ಸನ್ನು ನಾನು ಕಂಡಿಲ್ಲ. ಆ ಸಣ್ಣ ಪ್ರಶ್ನೆಗೇ ನಾನು ಸುಳ್ಳು ಹೇಳಿದೆ.

ಅವರು ಜಗಳೂರು ಕಡೆಯವರು. ನಮ್ಮೂರಿನ ಉಪಕೇಂದ್ರಕ್ಕೆ ನರ್ಸಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಒಣಕಲು ಮೈ, ದಪ್ಪ ಕನ್ನಡಕ, ಗಂಟಲು ಮಾತ್ರ ಊರ ಬಾಗಿಲಿಗೆ ಕೇಳಿಸುವಂಥದ್ದು. ಲಸಿಕೆ ದಿನ ನ್ಯಾಮತಿ ಕಡೆಯಿಂದ ಬರುವ ಬಸ್ಸಿನಲ್ಲಿ ಐಸ್ ತುಂಬಿದ ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಕಂಡಕ್ಟರ್ "ಕೆಳಗಿಡ್ರಿ ಸಿಸ್ಟ್ರೇ, ಜನ ನಿಂತವ್ರೆ" ಅಂದರೆ, "ಇದು ಲಗೇಜಲ್ಲಪ್ಪ, ನನ್ನ ಕೂಸು" ಅನ್ನುವರು. ಬಸ್ಸು ನಗುತ್ತಿತ್ತು, ಡಬ್ಬಿ ಕೆಳಗಿಳಿಯುತ್ತಿರಲಿಲ್ಲ.

ಸೂಜಿ ಹಾಕುವಾಗ ಮಕ್ಕಳಿಗೆ "ಇರುವೆ ಕಚ್ಚಿದಂಗೆ ಆಗ್ತೈತೆ ಪುಟ್ಟ" ಅಂತ ಪುಸಲಾಯಿಸುವವರೇ ಎಲ್ಲ. ಈ ಹೆಂಗಸು ಹಾಗಲ್ಲ. "ನೋಯ್ತೈತೆ. ಅಳಬೇಕಂದ್ರೆ ಅಳು, ತೋಳು ಮಾತ್ರ ಅಲ್ಲಾಡಿಸ್ಬ್ಯಾಡ" ಎಂದು ನೇರವಾಗಿ ಹೇಳಿಬಿಡುವರು. ಶಾಲೆಯಲ್ಲಿ ನಾವು ಅವರಿಗೆ ರಾಕ್ಷಸಿ ಅಂತ ಹೆಸರಿಟ್ಟಿದ್ದೆವು. ದೊಡ್ಡವನಾದ ಮೇಲೆ ಗೊತ್ತಾಯಿತು, ಊರಿನಲ್ಲಿ ನನಗೆ ಯಾವತ್ತೂ ಸುಳ್ಳು ಹೇಳದಿದ್ದವರು ಅವರೊಬ್ಬರೇ.

ಕೊರೊನಾ ಎರಡನೇ ಸಲ ಹಳ್ಳಿಹಳ್ಳಿಗೆ ನುಗ್ಗಿದ ವರ್ಷ. ಹೊನ್ನಾಳಿ ರಸ್ತೆಯ ಬದಿಗೆ ನಮ್ಮದು ಪಂಕ್ಚರ್ ಅಂಗಡಿ, ಹಿಂದೆಯೇ ಮನೆ. ಅಪ್ಪನಿಗೆ ಮೊದಲಿನಿಂದಲೂ ದಮ್ಮು. ನಾಲ್ಕು ಹೆಜ್ಜೆ ನಡೆದರೆ ಎದೆಯಲ್ಲಿ ಸೀಟಿ ಊದುತ್ತಿತ್ತು. ಅವನ ವಯಸ್ಸಿನವರಿಗೆ ಲಸಿಕೆ ಶುರುವಾಗಿ ಎಷ್ಟೋ ದಿನವಾಗಿತ್ತು, ಆಸಾಮಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಗಲೆಲ್ಲ ಮೊಬೈಲಿನಲ್ಲಿ ಯಾರ್ಯಾರದೋ ಭಯಂಕರ ವಿಡಿಯೋ ನೋಡುವುದು, ನನ್ನ ಮೇಲೆ ರೇಗುವುದು. ಹಿಂದಿನ ಬೀದಿಯ ಅವನ ಗೆಳೆಯ ಆಸ್ಪತ್ರೆಗೆ ಹೋದವನು ಮತ್ತೆ ಮನೆಗೆ ಬರಲಿಲ್ಲ. ಆಗ ಅಪ್ಪ ಸ್ವಲ್ಪ ಮೆತ್ತಗಾಗಿ ಒಂದು ಷರತ್ತು ಹಾಕಿದ. "ಲೇ ನಾಗ, ಮೊದ್ಲು ನೀನು ಹಾಕ್ಸ್ಕೊ. ಗಟ್ಟಿಮುಟ್ಟಾಗಿರೋ ನಿನಗೇನೂ ಆಗ್ಲಿಲ್ಲ ಅಂದ್ರೆ ಆಮ್ಯಾಲೆ ನನ್ನ ಮಾತು."

ನನಗಾಗ ಇಪ್ಪತ್ತೈದು. ಟ್ರ್ಯಾಕ್ಟರ್ ಚಕ್ರವನ್ನು ಒಬ್ಬನೇ ಬಿಚ್ಚಿ ಮಲಗಿಸುತ್ತಿದ್ದವನು. ಜ್ವರ ಅಂತ ಮಲಗಿದ್ದು ನೆನಪಿಲ್ಲ. ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದವನು ಯಾಕೆ ಹೊಸ ಔಷಧಿ ತುಂಬಿಸಿಕೊಳ್ಳಬೇಕು ಅನ್ನುವುದು ನನ್ನ ವಾದ. ವಾದ ಅನ್ನುವುದು ಮರ್ಯಾದೆಯ ಮಾತು, ನಿಜ ಹೇಳಬೇಕೆಂದರೆ ನಾನು ಹೆದರಿದ್ದೆ. ಹಾಕಿಸಿಕೊಂಡು ಏನಾದರೂ ಆದರೆ ನಾನು ಕೆಟ್ಟೆ. ಹಾಕಿಸಿಕೊಳ್ಳದಿದ್ದರೆ ಅಪ್ಪ ಹಾಕಿಸಿಕೊಳ್ಳುವುದಿಲ್ಲ, ಅವನ ಎದೆಯ ಸೀಟಿ ಯಾವತ್ತು ನಿಲ್ಲುತ್ತದೋ ಗೊತ್ತಿಲ್ಲ. ಎರಡು ವಾರ ಸರಿಯಾಗಿ ಅನ್ನ ಇಳಿಯಲಿಲ್ಲ.

ನಮ್ಮ ವಯಸ್ಸಿನವರಿಗೂ ಶುರುವಾದ ದಿನ ಶಾಲೆಯ ಕಡೆ ಹೋದೆ, ಸುಮ್ಮನೆ ನೋಡಿ ಬರೋಣ ಅಂತ. ಒಂದು ಸೀಸೆ ಒಡೆದರೆ ಹತ್ತು ಜನಕ್ಕೆ ಆಗಬೇಕು, ಉಳಿದರೆ ಚೆಲ್ಲಬೇಕು. ಹಾಗಾಗಿ ಹತ್ತು ಮಂದಿ ಸೇರುವ ತನಕ ಸಿಸ್ಟರ್ ಸೀಸೆ ಮುಟ್ಟುತ್ತಿರಲಿಲ್ಲ. ಜಗಲಿಯ ಮೇಲೆ ಒಂಬತ್ತು ಜನ ಕಾದು ಕೂತಿದ್ದರು. ನಾನು ಗೇಟಿನಲ್ಲಿ ಕಂಡಿದ್ದೇ ತಡ, ಎಲ್ಲರೂ ಮುಗಿಬಿದ್ದರು. "ಬಾರೋ ನಾಗ, ನೀನೊಬ್ಬ ಬಂದ್ರೆ ಹತ್ತಾಗ್ತೈತೆ!" "ಏ, ನಿನ್ನಿಂದ ನಮ್ದೆಲ್ಲ ಕೆಲಸ ಕೆಟ್ಟೋಗೈತೆ!" ಒಬ್ಬನಂತೂ ಎದ್ದು ಬಂದು ನನ್ನ ರಟ್ಟೆ ಹಿಡಿದು ಎಳೆದ. ಕಾಲು ನೆಲಕ್ಕೆ ಅಂಟಿದಂತೆ ನಿಂತೆ.

"ಬಿಡೋ ಅವನ್ನ!" ಸಿಸ್ಟರ್ ಗಂಟಲು ಏರಿತು. "ಲೆಕ್ಕ ತುಂಬಿಸಾಕೆ ಯಾರೂ ತೋಳು ಕೊಡ್ಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ತಮ್ಮಾ, ಹತ್ತನೇಯವನು ಆಗಾಕೆ ಬರ್ಬ್ಯಾಡ. ನಾಗರಾಜ ಆಗಿ ಬರೋದಾದ್ರೆ ಬಾ."

"ಅವನು ಬರ್ಲಿಲ್ಲ ಅಂದ್ರೆ?" ಅಂದ ಆ ರಟ್ಟೆ ಹಿಡಿದವನು.

"ನೀವು ಒಂಬತ್ತೂ ಜನ ನಾಳೆ ಬರ್ರಿ."

ಒಂಬತ್ತು ಜೊತೆ ಕಣ್ಣು ನನ್ನನ್ನು ಸುಡುತ್ತಿದ್ದವು. ಸಿಸ್ಟರ್ ನನ್ನನ್ನು ಪಕ್ಕದ ಕೋಣೆಗೆ ಕರೆದು ಬೆಂಚಿನ ಮೇಲೆ ಕೂರಿಸಿ, "ಏನು ಕೇಳ್ಬೇಕು, ಕೇಳು" ಅಂದರು.

"ನನಗೇನೂ ಕಾಯಿಲೆ ಇಲ್ಲ. ನನಗ್ಯಾಕೆ ಸಿಸ್ಟ್ರೇ ಇದು?"

"ನಿನ್ನ ವಯಸ್ಸಿನೋರಿಗೆ ಕೊರೊನಾ ಬಂದ್ರೂ ಬಾಳ ಜನಕ್ಕೆ ವಾಸಿ ಆಗ್ತೈತೆ. ಬಾಳ ಜನಕ್ಕೆ ಅಂದೆ, ಎಲ್ಲರಿಗೂ ಅನ್ಲಿಲ್ಲ. ಈ ಸೂಜಿಯಿಂದ್ಲೂ ಬಾಳ ಜನಕ್ಕೆ ಒಂದೆರಡು ದಿನ ಜ್ವರ, ತೋಳು ನೋವು. ಅಪರೂಪಕ್ಕೆ ಯಾರಿಗಾದ್ರೂ ದೊಡ್ಡ ತೊಂದ್ರೆ ಆಗಬೌದು. ಅದಕ್ಕೇ ಅರ್ಧ ಗಂಟೆ ಇಲ್ಲೇ ಕೂರಿಸ್ತೀನಿ. ಎರಡನ್ನೂ ತೂಗಿದ್ರೆ ರೋಗದ ಅಪಾಯಾನೇ ಜಾಸ್ತಿ ಅಂತ ತಿಳಿದೋರು ಹೇಳ್ಯಾರೆ. ನಾನೂ ಹಾಕ್ಸ್ಕೊಂಡೀನಿ."

"ಹತ್ತು ವರ್ಷ ಆದ್ಮೇಲೆ ಏನಾದ್ರೂ ಆದ್ರೆ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಂಗೇನೂ ಆಗಾಕಿಲ್ಲ ಅಂತ ಅಂದ್ಕೊಂಡೀನಿ. ಆದ್ರೆ ಇದು ಬಂದು ಹತ್ತು ವರ್ಷ ಆಗಿಲ್ಲಲ್ಲೋ. ಕಣ್ಣಾರೆ ಕಂಡೀನಿ ಅಂತ ಹೆಂಗೆ ಹೇಳ್ಲಿ?"

ಅಲ್ಲಿಯವರೆಗೆ ನನಗೆ ಸಿಕ್ಕವರೆಲ್ಲ ಎಲ್ಲ ಗೊತ್ತಿದ್ದವರೇ. ಹಾಕಿಸಿಕೋ ಅನ್ನುವವರಿಗೂ ಎಲ್ಲ ಗೊತ್ತು, ಬೇಡ ಅನ್ನುವವರಿಗೂ ಎಲ್ಲ ಗೊತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದವರು ಇವರೊಬ್ಬರು. ಹಾಗಾದರೆ ಗೊತ್ತಿದೆ ಅಂದದ್ದನ್ನೂ ನಂಬಬಹುದು ಅನ್ನಿಸಿತು. ಕಿಟಕಿಯಾಚೆ ನೋಡಿದೆ. ಅಪ್ಪ ರಸ್ತೆಯ ಆ ಬದಿಗೆ ಬಂದು, ಒಳಗೆ ಬರಲು ಧೈರ್ಯವಿಲ್ಲದೆ, ಲೈಟಿನ ಕಂಬಕ್ಕೆ ಕೈಯಾನಿಸಿ ಕೆಮ್ಮುತ್ತಿದ್ದ. "ಹಾಕ್ರಿ" ಅಂದೆ.

"ದುಡಿಯೋ ಕೈ ಯಾವುದು?"

"ಬಲಗೈ."

ಬೇಕಂತ ಹೇಳಿದ ಸುಳ್ಳಲ್ಲ ಅದು. ನಾನು ಹುಟ್ಟಾ ಎಡಚ. ಚಿಕ್ಕವನಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಪ್ಪ ಬೆರಳಿಗೆ ಬೇವಿನ ರಸ ಹಚ್ಚುತ್ತಿದ್ದ. "ಯಾರು ಕೇಳಿದ್ರೂ ಬಲಗೈ ಅನ್ನು. ಎಡಚ ಅಂದ್ರೆ ಜನ ಆಡ್ಕೊಂತಾರೆ" ಅಂತ ಗದರಿ ಗದರಿ ಬಾಯಿಪಾಠ ಮಾಡಿಸಿದ್ದ. ಊಟಕ್ಕೆ ಬಲಗೈ ಕಲಿಯಿತು, ನಮಸ್ಕಾರಕ್ಕೆ ಕಲಿಯಿತು. ಟೈರು ಎಬ್ಬಿಸಲು ಕಬ್ಬಿಣದ ಲಿವರ್ ಹಾಕುವಾಗ ಮಾತ್ರ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ಯಾರಾದರೂ ಕೇಳಿದರೆ ಬಾಯಿ ಹಳೆಯ ಪಾಠ ಒಪ್ಪಿಸುತ್ತಿತ್ತು. ಸಿಸ್ಟರ್ ನನ್ನ ಎಡತೋಳಿಗೇ ಚುಚ್ಚಿದರು. ಅರ್ಧ ಗಂಟೆ ಕೂತೆ, ಏನೂ ಆಗಲಿಲ್ಲ. ಕಂಬದ ಹತ್ತಿರ ಅಪ್ಪನ ಮುಖ ಸ್ವಲ್ಪ ಸಡಿಲವಾಗಿತ್ತು.

ಸಂಜೆಗೆ ಮೈ ಬಿಸಿಯಾಯಿತು. ಬೆಳಗ್ಗೆ ಜ್ವರ ಇಳಿದಿತ್ತು, ಎಡಗೈ ಮಾತ್ರ ಮರದ ಕೊರಡು. ಅಷ್ಟು ಹೊತ್ತಿಗೆ ಟ್ರ್ಯಾಕ್ಟರಿನವನೊಬ್ಬ ಬಂದ. ಲಿವರ್ ಹಾಕಿ ಒತ್ತಿದರೆ ರಟ್ಟೆಯಲ್ಲಿ ಬೆಂಕಿ ಹತ್ತಿದಂತಾಗಿ ಲಿವರ್ ಜಾರಿ ಠಣ್ ಅಂತ ಬಿತ್ತು. "ಸೂಜಿ ಹಾಕ್ಸ್ಕೊಂಡ್ನಲ್ಲಣ್ಣ, ಕೈ ಎತ್ತಾಕೆ ಬರ್ತಿಲ್ಲ" ಅಂದೆ. ಅಷ್ಟೇ ನಾನು ಆಡಿದ ಮಾತು. ಅವನು ತಾನೇ ಲಿವರ್ ಹಿಡಿದು ಟೈರಿನ ಕೆಲಸ ಮುಗಿಸಿ, ಆ ಮಾತನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಹೊನ್ನಾಳಿಗೆ ಹೋದ. ಮಧ್ಯಾಹ್ನಕ್ಕೆ ಚನ್ನಗಿರಿಯಿಂದ ನಮ್ಮತ್ತೆಯ ಫೋನು. ಅಳುತ್ತಾ ಕೇಳುತ್ತಾಳೆ: "ನಿನ್ನ ಕೈ ತೆಗೀಬೇಕಂತಲ್ಲೋ ನಾಗ?"

ನಗು ಬರಬೇಕಿತ್ತು. ಬರಲಿಲ್ಲ. ನಿಜವಾಗಿಯೂ ಕೈ ಬಿದ್ದುಹೋದರೆ ಅಂತ ನನಗೇ ಗಾಬರಿ ಹತ್ತಿಕೊಂಡಿತು. ಅಪ್ಪ ನನ್ನ ಜೋತುಬಿದ್ದ ತೋಳನ್ನು ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಹಿಂದಿನಿಂದ ಕೆಮ್ಮಿನ ನಡುವೆ ಒಂದು ಮಾತು ಬಂತು: "ನನ್ನ ಮಾತು ಮುಗೀತು. ನನ್ನನ್ನ ಯಾರೂ ಕೇಳ್ಬ್ಯಾಡ್ರಿ." ಅವನನ್ನು ನಾನೇ ಕೈಯಾರೆ ಸಾವಿನ ಬಾಯಿಗೆ ತಳ್ಳಿದೆ ಅನ್ನಿಸಿತು.

ಮಾರನೇ ದಿನ ಶಾಲೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಜನವೆಲ್ಲ ನಮ್ಮ ಅಂಗಡಿ ಮುಂದೆ. ಸಿಸ್ಟರ್ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಒಬ್ಬರೇ ನಡೆದು ಬಂದರು. ಯಾರೋ ಅಡ್ಡ ನಿಂತು, "ಮೊದ್ಲು ಈ ಹುಡುಗನ ಕೈಗೆ ಜವಾಬು ಹೇಳ್ರಿ. ಆಮ್ಯಾಲೆ ಊರೊಳಗೆ ಕಾಲಿಡ್ರಿ" ಅಂದ. ಅವನ ದನಿಯಲ್ಲಿ ಹೊಡೆಯುವ ಹದವಿತ್ತು.

"ಹೇಳಾಕೇ ಬಂದೀನಿ. ದಾರಿ ಬಿಡು."

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ತೋಳು ಒತ್ತಿ ನೋಡಿದರು, ಮುಷ್ಟಿ ಹಿಡಿಸಿದರು, ಅವರ ಎರಡು ಬೆರಳನ್ನು ಗಟ್ಟಿಯಾಗಿ ಹಿಚುಕು ಅಂದರು. ಹಿಚುಕಿದೆ. ಅವರ ಹಣೆ ಗಂಟಿಕ್ಕಿತ್ತು, ಕತ್ತಿನಲ್ಲಿ ಬೆವರು. ಅವರೂ ಹೆದರಿದ್ದಾರೆ ಅಂತ ನನಗೊಬ್ಬನಿಗೇ ಕಂಡಿತು. ಆಮೇಲೆ ಅಂಗಡಿಯ ಹಲಗೆಯ ಮೇಲಿದ್ದ ಒಂದು ನಟ್ಟು ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, "ಹಿಡ್ಕೊ!" ಅಂತ ಒಮ್ಮೆಲೇ ನನ್ನ ತಲೆಯ ಮೇಲಕ್ಕೆ ಎಸೆದರು.

"ಅಯ್ಯಪ್ಪೋ!" ಅಂತ ಕಿರುಚಿದೆ. ನಟ್ಟು ನನ್ನ ಮುಷ್ಟಿಯಲ್ಲಿತ್ತು. ಆ ಮುಷ್ಟಿ ನನ್ನ ತಲೆಗಿಂತ ಮೇಲಿತ್ತು. ಎಡಗೈ.

ಜನರಲ್ಲಿ ಯಾರೋ ಕಿಸಕ್ಕೆಂದರು, ಎಲ್ಲರೂ ಹೋ ಅಂತ ನಕ್ಕರು. ಸಿಸ್ಟರ್ ನಗಲಿಲ್ಲ.

"ಎಡಚ ಅಲ್ಲೇನೋ ನೀನು?"

ತಲೆ ತಗ್ಗಿಸಿದೆ.

"ಚುಚ್ಚಿದ ಕೈಯಾಗೇ ಮಾರನೇ ದಿನ ಟ್ರ್ಯಾಕ್ಟರ್ ಟೈರು ಬಿಚ್ಚಾಕೆ ಹೋದ್ರೆ ನೋಯಂಗಿಲ್ಲೇನೋ? ಬಲಗೈ ಅಂತ ಯಾಕೋ ಸುಳ್ಳು ಹೇಳ್ದೆ? ಊರಿಗೆ ಊರೇ ಹೆದರಿ ಕೂತೈತಲ್ಲೋ!"

ಬಾಗಿಲು ತೆರೆದ ಸದ್ದಾಯಿತು. ಅಪ್ಪ ಹೊಸ್ತಿಲ ಮೇಲೆ ಚೌಕಟ್ಟು ಹಿಡಿದು ನಿಂತಿದ್ದ. "ಅವನಿಗೆ ಬೈಬ್ಯಾಡ್ರಿ ಸಿಸ್ಟ್ರೇ. ಆ ಸುಳ್ಳು ಕಲಿಸಿದೋನು ನಾನು" ಅಂದ. ಇಷ್ಟು ಹೇಳುವುದಕ್ಕೆ ಅವನಿಗೆ ಮೂರು ಸಲ ಉಸಿರು ಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲೇ ಅಪ್ಪನ ತೋಳು ಹಿಡಿಯುತ್ತಿದ್ದರು. ಸಿಸ್ಟರ್ ಡಬ್ಬಿ ಎತ್ತಿಕೊಂಡು, "ಐದು ಗಂಟೆ ತನಕ ಇಸ್ಕೂಲಾಗೆ ಇರ್ತೀನಿ" ಅಂತಷ್ಟೇ ಹೇಳಿ ಹೊರಟುಬಿಟ್ಟರು. ನನಗೆ ಸಿಟ್ಟು ಬಂತು. ಒಂದು ಮಾತು ಕರೆದಿದ್ದರೆ ಏನು ಗಂಟು ಹೋಗುತ್ತಿತ್ತು ಈ ಹೆಂಗಸಿನದು ಅಂತ ಹಲ್ಲು ಕಡಿದೆ. ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಅಪ್ಪ ಮಂಚದ ಮೇಲೆ ಗೋಡೆ ನೋಡುತ್ತಾ ಕೂತಿದ್ದ. ನಾನು ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಅವನು ಖಂಡಿತ ಹಟ ಹಿಡಿಯುತ್ತಿದ್ದ. ನಾಲ್ಕೂವರೆಗೆ ಎದ್ದು ಒಗೆದ ಅಂಗಿ ಹಾಕಿಕೊಂಡು, "ನಡಿ" ಅಂದ.

ಜಗಲಿಯಲ್ಲಿ ಆಗಲೇ ಜನ ಸೇರಿದ್ದರು. ಹತ್ತಾಗಿತ್ತೋ ಇಲ್ಲವೋ ನಾನು ಎಣಿಸಲಿಲ್ಲ. ಸಿಸ್ಟರ್ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ದುಡಿಯೋದು ಬಲಗೈ. ಇದು ನಿಜ."

ಆಮೇಲೆ ಮುಂದಿನ ಚಳಿಗಾಲದಲ್ಲಿ ನಮ್ಮಿಬ್ಬರಿಗೂ ಕೊರೊನಾ ಬಂತು. ಅಪ್ಪ ಒಂದು ವಾರ ಕೆಮ್ಮಿ ಎದ್ದು ಕೂತ. ಸಿಸ್ಟರ್ ಕಾಲಿಗೆ ಬೀಳಲು ಹೋದೆ. "ಏಳೋ. ಸೂಜಿಯಿಂದ್ಲೇ ಉಳಿದ ಅಂತ ಒಬ್ಬನ್ನ ನೋಡಿ ಹೇಳಾಕೆ ಬರಂಗಿಲ್ಲ. ಉಳಿದಾನಲ್ಲ, ಅಷ್ಟು ಸಾಕು" ಅಂದರು. ಕೃತಜ್ಞತೆ ಹೇಳುವುದಕ್ಕೂ ಬಿಡದ ಹೆಂಗಸು!

ರಿಟೈರಾದ ಮೇಲೆ ಅವರು ಜಗಳೂರಿಗೆ ತಂಗಿಯ ಮನೆಗೆ ಹೋದರು. ಹೋದ ವರ್ಷ ನನ್ನ ಮಗಳ ನಾಮಕರಣಕ್ಕೆ ಕರೆಯಲು ಹೋಗಿದ್ದೆ. ಎರಡೂ ಕೈ ನಡುಗುತ್ತಿದ್ದವು. ನೀರಿನ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಸೀರೆಯೆಲ್ಲ ಒದ್ದೆ. ನೂರಾರು ಕೂಸುಗಳ ತೊಡೆಗೆ ನಡುಗದೆ ಸೂಜಿ ಹಾಕಿದ ಕೈ ಅದು. ನಾನು ಅವರನ್ನು ಕಂಡದ್ದು ಅದೇ ಕೊನೆ. ಎರಡು ತಿಂಗಳಿಗೆ ಅವರ ತಂಗಿ ಫೋನು ಮಾಡಿ ಸಿಸ್ಟರ್ ತೀರಿಕೊಂಡ ಸುದ್ದಿ ಹೇಳಿದರು.

ನಾಮಕರಣಕ್ಕೆ ಕರೆಯಲು ಹೋದ ಅವತ್ತು, ನಾನು ಅಲ್ಲಿ ಕೂತಿದ್ದಾಗಲೇ ಇಂಜೆಕ್ಷನ್ ಕೊಡಲು ಹತ್ತಿರದ ಕ್ಲಿನಿಕ್ಕಿನ ನರ್ಸೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಅವಸರದಲ್ಲಿದ್ದಳು. "ಯಾವ ಕೈಗೆ ಹಾಕ್ಲಿ ಅಜ್ಜಿ?" ಅಂದಳು.

ಸಿಸ್ಟರ್ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. "ಯಾವುದಕ್ಕಾದ್ರೂ ಹಾಕವ್ವ. ಈಗ ಎರಡೂ ಖಾಲಿ ಅದಾವೆ."

ನನಗೆ ತಡೆಯಲಾಗಲಿಲ್ಲ. "ಎಡಗೈಗೆ ಹಾಕ್ರಿ ಸಿಸ್ಟ್ರೇ. ಬಲಗೈ ಬ್ಯಾಡ, ಅದು ದುಡಿಯೋ ಕೈ" ಅಂತ ಆ ಹುಡುಗಿಗೆ ಹೇಳಿಬಿಟ್ಟೆ.

ಕೊಟ್ರಮ್ಮ ಸಿಸ್ಟರ್ ನನ್ನನ್ನೇ ನೋಡಿದರು. ಕನ್ನಡಕದ ಹಿಂದೆ ಕಣ್ಣು ತುಂಬಿದ್ದವು, ಗಂಟಲು ಮಾತ್ರ ಹಳೆಯದೇ.

"ಕೈ ವಿಷಯದಾಗೆ ಇನ್ನೂ ಸುಳ್ಳೇ ಹೇಳ್ತಿಯಲ್ಲೋ, ಎಡಚ" ಅಂದರು. ಅಂದು, ರವಿಕೆಯ ಎಡತೋಳನ್ನು ಮೇಲಕ್ಕೆ ಸರಿಸಿಕೊಂಡರು.