ಕಂಪನಿಯ ಮುದ್ರೆ ಬಿದ್ದ ಫೋನು

ಅಥೋಲ್ ಪೆಂಗೆಲಿ ಅವರ ಕೈಗೆ ಏನು ಕೊಟ್ಟರೂ ಮೊದಲು ತಿರುಗಿಸಿ ನೋಡುತ್ತಾರೆ. ಬಿಸ್ಕತ್ತಿನ ಡಬ್ಬಿಯಾದರೂ ಅಷ್ಟೆ, ಕ್ರಿಸ್‌ಮಸ್ ಉಡುಗೊರೆಯಾದರೂ ಅಷ್ಟೆ. ಬ್ರಾಲ್ಗಾ ಕ್ರಾಸಿಂಗಿನಲ್ಲಿ ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದುಡಿಯುವ ಕಾಲವನ್ನೆಲ್ಲ ಅವರು ಕಳೆದದ್ದು ದನಗಳ ಮುದ್ರೆ ಪರೀಕ್ಷಿಸುವುದರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈ ಒಳನಾಡಿನಲ್ಲಿ ಕರುವಿನ ಮೈಗೆ ಒಡೆಯನ ಗುರುತನ್ನು ಕಾದ ಕಬ್ಬಿಣದಿಂದ ಒತ್ತುತ್ತಾರೆ. ಆ ಗುರುತನ್ನು ಕೆಡಿಸಿ, ಮೇಲೆ ಇನ್ನೊಂದನ್ನು ಒತ್ತಿ, ಬೇರೆಯವರ ದನವನ್ನು ತಮ್ಮದು ಮಾಡಿಕೊಳ್ಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಂಥವರನ್ನು ಹಿಡಿಯುವ ಇನ್ಸ್‌ಪೆಕ್ಟರ್ ಆಗಿದ್ದರು ಅಥೋಲ್. ದನದ ಕೂದಲು ಬೋಳಿಸಿ, ಚರ್ಮದ ಮೇಲೆ ಬೆರಳಾಡಿಸಿ, ಯಾವ ಗಾಯ ಹಳೆಯದು ಯಾವುದು ಹೊಸದು ಎಂದು ಹೇಳುತ್ತಿದ್ದರು. ಕೆಲಸ ಬಿಟ್ಟು ಬಹಳ ವರ್ಷವಾದರೂ ಆ ಗುಮಾನಿ ಬೆರಳಲ್ಲೇ ಉಳಿದಿದೆ.

ಅವರ ಫೋನಿನ ಬೆನ್ನಿಗೂ ಒಂದು ಮುದ್ರೆ ಇತ್ತು. ಅದು ಫೋನ್ ತಯಾರಿಸಿದವರದ್ದಲ್ಲ, ಸಿಗ್ನಲ್ ಮಾರುವ ಕಂಪನಿಯದ್ದು. ಆನ್ ಮಾಡಿದರೆ ಪರದೆಯ ಮೇಲೆ ಮೊದಲು ಕಾಣುತ್ತಿದ್ದದ್ದೂ ಅದೇ ಗುರುತು. ಕೊಂಡ ಹೊಸದರಲ್ಲಿ ಅಥೋಲ್ ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡದ್ದು ಅವರ ಹೆಂಡತಿ ಯೂನಾ ಕರಾವಳಿಯ ದೊಡ್ಡ ಊರು ಟೌನ್ಸ್‌ವಿಲ್ಲಿಗೆ ಹೋದ ಮೇಲೆ.

ಯೂನಾರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕು, ನಮ್ಮ ಸುತ್ತಮುತ್ತ ಎಲ್ಲೂ ಆ ಯಂತ್ರವಿಲ್ಲ. ಅದೇ ಸಮಯಕ್ಕೆ ಅಥೋಲ್ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ವಾಹನದಲ್ಲಿ ದೂರ ಕೂರಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಅವರು ಇಲ್ಲಿಯೇ ಉಳಿದರು. ಯೂನಾರಿಗೆ ಕಣ್ಣು ಮಂಜಾಗಿ ಒಂದು ಸಾಲು ಬರೆಯಲೂ ಆಗುತ್ತಿರಲಿಲ್ಲ. ಇನ್ನು ಅಥೋಲರ ಕಿವಿ ದನದ ಹರಾಜಿನ ಅಂಗಳದ ಗದ್ದಲದಲ್ಲಿ ಸವೆದುಹೋಗಿತ್ತು. ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಫೋನಿನಲ್ಲಿ ಮಾತ್ರ ಹೆಂಡತಿಯ ದನಿ ತಗಡಿನ ಮೇಲೆ ಗಾಳಿ ಬೀಸಿದ ಹಾಗೆ ಕೇಳುತ್ತಿತ್ತು, ಒಂದು ಪದವೂ ತಿಳಿಯುತ್ತಿರಲಿಲ್ಲ.

ಹೊಸ ಕಿವಿ ಮಷಿನ್ ಕೊಟ್ಟ ಡಾಕ್ಟರಮ್ಮ ಭರವಸೆ ಕೊಟ್ಟಿದ್ದರು. "ಇದು ಫೋನಿನ ಮಾತನ್ನ ನೇರ ಕಿವಿಯೊಳಗೇ ತರುತ್ತೆ ಮಿಸ್ಟರ್ ಪೆಂಗೆಲಿ. ಆದ್ರೆ ನಿಮ್ಮ ಫೋನಿಗೆ ಹೊಸ ಆಂಡ್ರಾಯ್ಡ್ ಬರ್ಬೇಕು. ಅಪ್‌ಡೇಟ್ ಬಂದ ಕೂಡ್ಲೇ ಸರಿಹೋಗುತ್ತೆ, ನೀವೇನೂ ಮಾಡೋದು ಬೇಡ, ಕಾಯಿರಿ ಸಾಕು."

ಕಾಯುವಷ್ಟು ದಿನ ಗ್ಲೆನಿಸ್ ನಡುವೆ ನಿಂತರು. ಪೆಟ್ರೋಲ್, ಅಂಚೆ, ಊಟ ಮೂರನ್ನೂ ಒಂದೇ ಸೂರಿನಡಿ ನಡೆಸುವ ಹೆಂಗಸು, ಯೂನಾರ ಹಳೆಯ ಗೆಳತಿ. ಪ್ರತಿ ಸಂಜೆ ಯೂನಾ ಫೋನ್ ಮಾಡಿದಾಗ ಗ್ಲೆನಿಸ್ ಕೇಳಿಸಿಕೊಂಡು, ಅಥೋಲರ ಮುಖಕ್ಕೆ ಎದುರಾಗಿ ನಿಂತು, ತುಟಿ ಬಿಡಿಸಿ ಹೇಳುತ್ತಿದ್ದರು.

"ಊಟ ಆಯ್ತಾ ಅಂತ ಕೇಳ್ತಿದಾಳೆ."

"ಆಯ್ತು ಅನ್ನು."

"ಮೊಣಕಾಲು ಹೆಂಗಿದೆ ಅಂತೆ."

"ಅಷ್ಟೇನಾ? ಅಷ್ಟು ಹೊತ್ತು ಕಿವಿಗೆ ಹಿಡ್ಕೊಂಡು ನಿಂತಿದ್ದೆಯಲ್ಲ."

"ಪಾಪ, ನಿಧಾನಕ್ಕೆ ಉಸಿರು ತಗೊಂಡು ಮಾತಾಡ್ತಾಳೆ ಅಥೋಲ್."

"ಯಾರು, ಯೂನಾನಾ? ಮಾತಾಡುವಾಗ ಅವಳು ಉಸಿರು ತಗೊಂಡಿದ್ದು ನಾನಂತೂ ಕಂಡಿಲ್ಲ."

ಅನುಮಾನ ಹುಟ್ಟಿದ್ದು ಹೀಗೆ. ಕೇಳಿಸಿಕೊಳ್ಳುವಾಗ ಗ್ಲೆನಿಸ್ ಒಮ್ಮೊಮ್ಮೆ ಗೋಡೆಯ ಕಡೆ ತಿರುಗುತ್ತಿದ್ದರು. ಹಾಗೆ ತಿರುಗಿದ ದಿನಗಳಲ್ಲಿ ಹೇಳುವ ಮಾತು ಇನ್ನೂ ಚಿಕ್ಕದಾಗುತ್ತಿತ್ತು. ಯೂನಾರ ಕಾಯಿಲೆ ಜಾಸ್ತಿಯಾಗಿದೆ, ಅದನ್ನು ತಮ್ಮಿಂದ ಬಚ್ಚಿಡುತ್ತಿದ್ದಾರೆ ಎಂದು ಅಥೋಲ್ ಯೋಚಿಸತೊಡಗಿದರು. ನಿಜ ತಿಳಿಯಲು ಒಂದೇ ದಾರಿಯಿತ್ತು, ಹೆಂಡತಿಯ ಮಾತನ್ನು ತಮ್ಮ ಕಿವಿಯಿಂದಲೇ ಕೇಳುವುದು. ಅದಕ್ಕೆ ಅಪ್‌ಡೇಟ್ ಬರಬೇಕಿತ್ತು.

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಅವರು ಮಾಡುತ್ತಿದ್ದ ಮೊದಲ ಕೆಲಸ ಅದನ್ನು ಹುಡುಕುವುದು. 'ನಿಮ್ಮ ಫೋನಿನಲ್ಲಿ ಇತ್ತೀಚಿನ ಸಾಫ್ಟ್‌ವೇರ್ ಇದೆ' ಎಂದು ಫೋನು ಹೇಳುತ್ತಿತ್ತು. ಅಥೋಲರ ಪರವಾಗಿ ಗ್ಲೆನಿಸ್ ಕಂಪನಿಗೆ ಫೋನ್ ಮಾಡಿದರೆ, ಹೊಸದು ಬಂದಿದೆ, ತಮ್ಮ ಮುದ್ರೆಯ ಫೋನುಗಳಿಗೆ ಕೊಡುವ ಮೊದಲು ಪರೀಕ್ಷೆ ನಡೆಯುತ್ತಿದೆ ಎಂಬ ಉತ್ತರ ಬಂತು.

"ಇಬ್ಬರಲ್ಲಿ ಒಬ್ರು ಸುಳ್ಳು ಹೇಳ್ತಿದಾರೆ," ಎಂದರು ಅಥೋಲ್. "ಇತ್ತೀಚಿನದು ಇದರಲ್ಲೇ ಇದ್ರೆ ಅವರು ಪರೀಕ್ಷೆ ಮಾಡ್ತಿರೋದು ಏನನ್ನ?"

"ನನಗೇನು ಗೊತ್ತು ಮಾರಾಯಾ? ಆ ಹುಡುಗ ಹೇಳಿದ್ದು ಹೇಳಿದೆ."

"ಅವನು ಹೇಳಿದ್ದೂ ನಿನ್ನ ಬಾಯಿಂದಲೇ ಬರ್ಬೇಕಲ್ಲ."

ಗ್ಲೆನಿಸ್ ಆ ದಿನ ಮಾಂಸದ ಪೈ ಇದ್ದ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು. "ಅಷ್ಟು ನಂಬಿಕೆ ಇಲ್ದಿದ್ರೆ ಹೊಸ ಫೋನ್ ತಗೋ!"

"ಕಂಪನಿಯವರು ಕಾಯ್ತಿರೋದೂ ಅದಕ್ಕೇ."

ಅಂಚೆ ಲಾರಿ ಓಡಿಸುವ ಡೆಸ್ಮಂಡ್ ಬಳಿ ಅದೇ ಮಾದರಿಯ ಫೋನಿತ್ತು. ಆದರೆ ಅದನ್ನು ಸಾಮಾನ್ಯ ಅಂಗಡಿಯಲ್ಲಿ ಕೊಂಡಿದ್ದರಿಂದ ಬೆನ್ನ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಅದಕ್ಕೆ ಅಪ್‌ಡೇಟ್ ಯಾವಾಗಲೋ ಬಂದಾಗಿತ್ತು. ಅಥೋಲ್ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಒಂದೇ ಹಸುವಿನ ಎರಡು ಕರುಗಳನ್ನು ನೋಡುವಂತೆ ನೋಡಿದರು. ಅಂಚು, ಗುಂಡಿ, ತೂಕ ಎಲ್ಲ ಒಂದೇ. ಒಂದರ ಮೈ ಬೋಳು, ಇನ್ನೊಂದಕ್ಕೆ ಮುದ್ರೆ.

"ದುಡ್ಡು ಕೊಟ್ಟವನು ನಾನು, ಒಡೆಯರು ಅವರು," ಎಂದರು. "ನಾನು ಬರೀ ಮೇಯಿಸ್ತಿದೀನಿ."

ಕಂಪನಿಯ ಮೇಲೆ ಅವರಿಗಿದ್ದ ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಉಣುಗು ಹರಡಬಾರದೆಂದು ದನಗಳನ್ನು ತಡೆದು ಪರೀಕ್ಷಿಸುವ ಗೇಟಿನಲ್ಲಿ ಅವರು ಹಿಂದೆ ಕೆಲಸ ಮಾಡಿದ್ದರು. 'ಪರೀಕ್ಷೆ ನಡೀತಿದೆ' ಎಂಬ ಮಾತನ್ನು ಅಲ್ಲಿ ಅವರೇ ಎಷ್ಟೋ ಸಲ ಹೇಳಿದ್ದರು. ಕೆಲವು ಸಲ ನಿಜವಾಗಿಯೂ ಪರೀಕ್ಷೆ ನಡೆಯುತ್ತಿರುತ್ತದೆ, ಕೆಲವು ಸಲ ಮೇಜಿನ ಹಿಂದಿನವನು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾನೆ. ಗೇಟಿನ ಹೊರಗೆ ನಿಂತವನಿಗೆ ಎರಡೂ ಒಂದೇ ಥರ ಕಾಣುತ್ತವೆ ಎಂದು ಅವರು ಹೇಳುವುದನ್ನು ಊರಿನವರೆಲ್ಲ ಕೇಳಿದ್ದೇವೆ.

ಊರಿನ ಪೊಲೀಸ್ ರೆನೊ ಸಬಾಟಿನೊ ಒಂದು ಉಪಾಯ ಹೇಳಿದರು. ಕರಾವಳಿಯ ಕಬ್ಬಿನ ಊರಿನಿಂದ ಬಂದ ಯುವಕ, ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಚ್ಚು.

"ಕಂಪನಿಯ ಸಾಫ್ಟ್‌ವೇರ್ ಪೂರ್ತಿ ತೆಗೆದು, ಡೆಸ್ಮಂಡ್ ಫೋನಿನಲ್ಲಿರೋದನ್ನೇ ಇದಕ್ಕೂ ಹಾಕಬಹುದು ಅಥೋಲ್. ಒಳಗಿರೋ ಫೋಟೊಗಳನ್ನ ಮೊದಲು ಬೇರೆ ಕಡೆ ಇಟ್ಕೊಂಡ್ರೆ ಆಯ್ತು. ಒಂದು ಮಧ್ಯಾಹ್ನದ ಕೆಲಸ."

ಅಥೋಲ್ ಫೋನನ್ನು ತಿರುಗಿಸಿ ಬೆನ್ನ ಮೇಲಿನ ಹೆಸರು ನೋಡಿದರು. "ಅಂದ್ರೆ ಅವರ ಮುದ್ರೆ ಅಳಿಸಿ ಇನ್ನೊಂದು ಒತ್ತೋದು."

"ಹಾಗೂ ಹೇಳ್ಬಹುದು."

"ಅದಕ್ಕೆ ನಾನು ಜನರನ್ನ ಜೈಲಿಗೆ ಕಳಿಸಿದೀನಿ ಮರಿ. ನೀನು ನನ್ನ ಪರೀಕ್ಷೆ ಮಾಡ್ತಿದೀಯಾ? ಯಾರು ಹೇಳಿಕೊಟ್ರು, ಗ್ಲೆನಿಸಾ?"

"ಅಯ್ಯೋ, ಇದು ಫೋನು, ಎತ್ತಲ್ಲ!"

"ಎಲ್ಲ ಕಳ್ಳರೂ ಮೊದಲು ಅನ್ನೋದು ಹಂಗೇ. ಇದು ಬರೀ ಕರು, ಎತ್ತಲ್ಲ ಅಂತ."

ಆ ಮಾತು ಅಲ್ಲಿಗೇ ನಿಂತಿತು. ವಾರಗಳು ಕಳೆದವು. ಫೋನು ದಿನವೂ ಅದೇ ಉತ್ತರ ಕೊಟ್ಟಿತು, ಗ್ಲೆನಿಸ್ ದಿನವೂ ಚಿಕ್ಕ ಮಾತು ಹೇಳಿದರು. ಒಂದು ಸಂಜೆ ಅವರು ಎಂದಿಗಿಂತ ಹೆಚ್ಚು ಹೊತ್ತು ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡರು. ಮತ್ತೆ ಈ ಕಡೆ ತಿರುಗಿದಾಗ ಕಣ್ಣು ಕೆಂಪಗಿತ್ತು.

"ಹುಷಾರಾಗಿರು ಚಿನ್ನಾ, ಅಂತ ಹೇಳಿದ್ಲು."

"ಏನಂದ್ಲು?"

"ಹುಷಾರಾಗಿರು ಚಿನ್ನಾ ಅಂತ."

ಯೂನಾ ಅಥೋಲರನ್ನು ಕರೆಯುತ್ತಿದ್ದದ್ದು 'ಮುದಿ ಗಲಾ' ಎಂದು. ಗಲಾ ಎಂದರೆ ಮಳೆ ಬಂದರೆ ತಂತಿಗೆ ತಲೆಕೆಳಗಾಗಿ ಜೋತುಬೀಳುವ ನಮ್ಮ ಗುಲಾಬಿ ಗಿಳಿ. ಮುದುಕರಾಗುವ ಮೊದಲು ಬರೀ 'ಗಲಾ' ಆಗಿದ್ದರು. ಚಿನ್ನಾ ಎಂದು ಮದುವೆಯ ದಿನವೂ ಕರೆದಿರಲಿಲ್ಲ. ಗ್ಲೆನಿಸ್ ಮಾತನ್ನು ತಿದ್ದಿದ್ದಾರೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮರುದಿನ ಕೋಲೂರಿಕೊಂಡು ಪೊಲೀಸ್ ಠಾಣೆಗೆ ನಡೆದರು. ಅಲ್ಲಿ ನಡೆದದ್ದನ್ನು ಸಬಾಟಿನೊ ಹೇಳಿದ್ದಾರೆ, ಅಥೋಲ್ ಕೂಡ ಹೇಳಿದ್ದಾರೆ. ಎರಡೂ ಹೊಂದುತ್ತವೆ.

"ಕೊಂಡ ದನಕ್ಕೆ ಕೊಂಡವನು ತನ್ನ ಮುದ್ರೆಯನ್ನೂ ಹಾಕ್ಬಹುದು," ಎಂದರಂತೆ ಅಥೋಲ್. "ಹಳೇದನ್ನ ಅಳಿಸಬಾರದು, ಅಷ್ಟೇ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಬೆನ್ನ ಮೇಲಿನ ಹೆಸರನ್ನ ಮುಟ್ಟಬೇಡ. ಒಳಗಿನದನ್ನ ಬದಲಾಯಿಸು. ನಾನು ಇಲ್ಲೇ ಕೂತು ನೋಡ್ತಿರ್ತೀನಿ."

"ನೋಡೋಕೆ ಏನೂ ಇರಲ್ಲ ಅಥೋಲ್, ಒಂದು ಗೆರೆ ಉದ್ದ ಆಗ್ತಾ ಹೋಗುತ್ತೆ."

"ಆ ಗೆರೆಯನ್ನೇ ನೋಡ್ತೀನಿ."

ನೋಡಿದರು. ನಡುವೆ ಗೆರೆ ನಿಂತಾಗ ಎರಡು ಸಲ ಸಬಾಟಿನೊರ ಕೈ ಹಿಡಿದು, ಏನು ಒತ್ತಿದೆ ಎಂದು ಕೇಳಿದರು. ಫೋನು ಮತ್ತೆ ಹೊತ್ತಿಕೊಂಡಾಗ ಪರದೆಯ ಮೇಲೆ ಕಂಪನಿಯ ಗುರುತು ಬರಲಿಲ್ಲ. ಸಬಾಟಿನೊ ಅದನ್ನು ಕಿವಿ ಮಷಿನ್‌ಗೆ ಜೋಡಿಸಿಕೊಟ್ಟು, ಯೂನಾರ ನಂಬರು ಒತ್ತಿ, ಹೊರಗಿನ ಜಗುಲಿಗೆ ಹೋದರು. ಬಾಗಿಲು ಮಾತ್ರ ತೆರೆದೇ ಇತ್ತು.

"ಗ್ಲೆನಿಸ್, ಇದೇನು ಮಧ್ಯಾಹ್ನಾನೇ ಮಾಡಿದೀಯ?" ಎಂದಿತು ಯೂನಾರ ದನಿ, ಅಥೋಲರ ತಲೆಯ ನಟ್ಟನಡುವೆ.

"ಗ್ಲೆನಿಸ್ ಅಲ್ಲ."

"ನಿನಗೆ ಕೇಳಿಸ್ತಿದೆಯಾ?"

"ಹಿಂದೆ ಯಾರೋ ಟ್ರಾಲಿ ತಳ್ಳಿದ್ದೂ ಕೇಳಿಸ್ತು. ಈಗ ಹೇಳು. ಗ್ಲೆನಿಸ್ ನನ್ನಿಂದ ಏನು ಮುಚ್ಚಿಡ್ತಿದಾಳೆ? ನೀನು ಸಾಯ್ತಿದೀಯಾ?"

"ನಿನ್ನ ತಲೆ! ನಾನ್ಯಾಕೆ ಸಾಯಲಿ? ಅವಳದ್ದೇನೂ ತಪ್ಪಿಲ್ಲ. ಹೇಳಬೇಡ ಅಂದಿದ್ದು ನಾನೇ. ಇಂಥ ಮಾತು ಇನ್ನೊಬ್ಬರ ಬಾಯಿಂದ ನಿನಗೆ ಬರೋದು ನಂಗೆ ಬೇಡವಾಗಿತ್ತು. ನಾನು ವಾಪಸ್ ಬರಲ್ಲ ಅಥೋಲ್. ಬರೋಕಾಗಲ್ಲ. ಈ ಮಷಿನ್ ಇಲ್ದೆ ನಾನು ಬದುಕಲ್ಲ, ಆ ಮಷಿನ್ ಅಲ್ಲಿಗೆ ಬರಲ್ಲ. ಆಸ್ಪತ್ರೆ ಹತ್ರ ಒಂದು ಮನೆ ನೋಡಿದೀನಿ. ಮೆಟ್ಟಿಲಿಲ್ಲ, ನಿನ್ನ ಕಾಲಿಗೂ ಆಗುತ್ತೆ. ನೀನು ಆ ಊರು ಬಿಟ್ಟು ಬರ್ತೀಯೋ ಇಲ್ವೋ ಅಂತ ನಿನ್ನ ಬಾಯಿಂದ್ಲೇ ಕೇಳಬೇಕಿತ್ತು. ಅದಕ್ಕೇ ಕಾಯ್ತಿದ್ದೆ."

ಅಥೋಲ್ ಫೋನಿನ ಬೆನ್ನ ಮೇಲೆ ಬೆರಳಾಡಿಸಿದರು.

"ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

"ಆ ಮನೆ ಯಾರದ್ದು?"

"ಏನು?"

"ಒಡೆಯ ಯಾರು? ಆಸ್ಪತ್ರೆ ಪಕ್ಕದಲ್ಲಿದ್ದೂ ಯಾಕೆ ಖಾಲಿ ಬಿದ್ದಿದೆ? ಹಿಂದೆ ಇದ್ದೋರು ಯಾಕೆ ಬಿಟ್ಟು ಹೋದ್ರು?"

ಯೂನಾ ನಕ್ಕರು. ನಗುವಿನ ನಡುವೆ ಮೂಗು ಒರೆಸಿಕೊಂಡದ್ದೂ ಕೇಳಿಸಿತು ಎಂದು ಅಥೋಲ್ ಹೇಳುತ್ತಾರೆ. "ಬರ್ತೀನಿ ಅಂತ ನೆಟ್ಟಗೆ ಹೇಳೋಕೆ ನಿನಗೆ ಬರಲ್ವಾ?"

"ಸೋಮವಾರ ಡೆಸ್ಮಂಡ್ ಲಾರೀಲಿ ಹೊರಡ್ತೀನಿ. ದಾರೀಲಿ ಅಲ್ಲಲ್ಲಿ ಇಳಿದು ಕಾಲು ಚಾಚ್ಕೋತೀನಿ, ಡಾಕ್ಟರು ಏನಾದ್ರೂ ಅನ್ಲಿ. ನಾನು ಬರೋವರೆಗೂ ಆ ಮನೆ ಗೋಡೆಗೆ ಬಣ್ಣ ಹೊಡೆಯೋಕೆ ಅವರನ್ನ ಬಿಡಬೇಡ. ಹೊಸ ಬಣ್ಣ ಹೊಡೀತೀವಿ ಅಂದ್ರೆ ಕೆಳಗೆ ಏನೋ ಮುಚ್ಚಿಡ್ತಿದಾರೆ ಅಂತಲೇ ಅರ್ಥ."