ಪೂಜೆಗೆ ಇಟ್ಟ ಸೋವಿ ಬಂದೂಕು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಸುಗ್ಗಿ ಮುಗಿಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಈಗ ನೆಪಗಳೂ ಮುಗಿದಿವೆ. ಹೋದ ವಾರ ಬಾಜು ಹೊಲದವನು ಬಂದು ಕಟ್ಟೆಯ ಮೇಲೆ ಕೂತ.

"ಅಜ್ಜಾರ, ಹಂದಿ ಕಾಟ ಭಾಳ ಆಗೇತ್ರಿ. ಬೆಳಿ ಕಾಯಾಕ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಬೇಕಂತ ಮಾಡೇನಿ. ಸೋವಿದು ತಗೊಂಡ್ರ ನಡೀತೈತೇನ್ರಿ?"

ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಒಂದನ್ನು ಬಿಟ್ಟು.

ನಮ್ಮೂರು ಕಲಘಟಗಿ ತಾಲೂಕಿನಲ್ಲಿ ಕಾಡಿನ ಅಂಚಿಗಿದೆ. ನವಲಗುಂದದ ಬೀಗರು ಬಂದಾಗಲೆಲ್ಲ, "ಇದು ಹೊಲಾನೋ ಹಂದಿ ಖಾನಾವಳಿನೋ?" ಎಂದು ನಗುತ್ತಾರೆ. ಗೋವಿನಜೋಳ ಹಾಲುಗಾಳಾದಾಗ ಹಿಂಡು ಇಳಿದರೆ ಬೆಳಗಾಗುವಷ್ಟರಲ್ಲಿ ಬೆಳೆ ಚಾಪೆಯಂತೆ ಮಲಗಿರುತ್ತದೆ. ಅದಕ್ಕೇ ನಾನೂ ಒಂದು ಬಂದೂಕು ಇಟ್ಟಿದ್ದೆ. ತೋಟಾ ಹಾಕುವ ಹೊಸ ಬಂದೂಕನ್ನು ಹುಬ್ಬಳ್ಳಿಯ ಅಂಗಡಿಯಲ್ಲಿ ನೋಡಿ, ಬೆಲೆ ಕೇಳಿ, ಅವರು ಕೊಟ್ಟ ಚಹಾ ಕುಡಿದು ವಾಪಸು ಬಂದವನು ನಾನು. ಕೊನೆಗೆ ತಂದದ್ದು ಬಾಯಿಂದ ಮದ್ದು ತುಂಬುವ, ಒಂಟಿ ನಳಿಗೆಯ ಹಳೆಯದು. ಕಣ್ಣು ಮಂಜಾದ ಮುದುಕನೊಬ್ಬ ಕಾಗದಪತ್ರ ಸಮೇತ ಬಿಟ್ಟುಕೊಟ್ಟದ್ದು.

ಅಂಥ ಬಂದೂಕಿನ ಒಳ್ಳೆಯ ಗುಣಗಳನ್ನು ಮುಚ್ಚಿಡುವುದಿಲ್ಲ. ಹಗುರ, ಸಲಿಕೆಯ ಹಾಗೆ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಗುಂಡಿಲ್ಲದೆ ಬರೀ ಮದ್ದು ತುಂಬಿ ಹೊಡೆದರೂ ಗುಡ್ಡ ನಡುಗುವ ಸದ್ದು ಬರುತ್ತದೆ, ಹಂದಿ ಎರಡು ದಿನ ಇತ್ತ ಸುಳಿಯುವುದಿಲ್ಲ. ಸ್ಪ್ರಿಂಗು ಸಡಿಲಾದರೆ ಊರ ಕಂಬಾರನೇ ಸರಿ ಮಾಡುತ್ತಾನೆ. ಕಳ್ಳರೂ ಮುಟ್ಟುವುದಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೋದರೆ ಅಲ್ಲಿಯ ಪೇದೆ ಅದನ್ನು ತಿರುಗಿಸಿ ನೋಡಿ, "ಯಜಮಾನ್ರ, ಇದನ್ನ್ಯಾಕ ಹೊತ್ಕೊಂಡು ಬಂದ್ರಿ? ಮನ್ಯಾಗ ಒಲಿ ಊದಾಕ ಬರ್ತಿತ್ತು," ಎನ್ನುತ್ತಿದ್ದ.

ಕೆಟ್ಟ ಗುಣಗಳು ನಿಧಾನಕ್ಕೆ ಗೊತ್ತಾಗುತ್ತವೆ. ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ. ಕಿಡಿ ಹೊಡೆಯುವ ಸುತ್ತಿಗೆ, ನಾವು ಕುದುರೆ ಎನ್ನುವುದು, ಬಡಿದರೂ ಸದ್ದಿಲ್ಲ. ಹೋಯಿತೆಂದು ನೀವು ನಳಿಗೆ ಇಳಿಸುತ್ತೀರಿ, ಒಂದು ಉಸಿರಿನ ನಂತರ ಅದು ಹಾರುತ್ತದೆ. ಕುದುರೆಯ ಹಲ್ಲು ಸವೆದಿರುತ್ತದೆ, ಅರ್ಧ ಎತ್ತಿಟ್ಟರೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅದು ತುಂಬಿದೆಯೋ ಖಾಲಿಯೋ ಹೊರಗಿನಿಂದ ತಿಳಿಯುವುದಿಲ್ಲ. ಖಾಲಿ ಮಾಡಬೇಕೆಂದರೆ ಹಾರಿಸಲೇಬೇಕು. ಮೈಗಳ್ಳರು ಹಾರಿಸುವುದಿಲ್ಲ. ಕಿಡಿ ಹುಟ್ಟಿಸುವ ಕೇಪು ಎಂಬ ಕಾಳಿನಷ್ಟು ತಾಮ್ರದ ಟೋಪಿಯೊಂದಿರುತ್ತದೆ. ಅದನ್ನು ಉಗುರಿನಿಂದ ಕಿತ್ತು, ಬಂದೂಕು ಸತ್ತಿತು ಎಂದುಕೊಂಡು ಮೂಲೆಗಿಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ.

ನನ್ನ ಪ್ರಾಯದ ಆ ದಿನಗಳಲ್ಲಿ ಮನೆಯ ಯಜಮಾನಿಕೆ ಅಣ್ಣನದು. ತುಂಬಿದ ಬಂದೂಕು ಹೊಸ್ತಿಲು ದಾಟಬಾರದು ಎಂಬುದು ಅವನ ಕಟ್ಟಪ್ಪಣೆ. ಹೊಲದ ಕೆಲಸವೆಲ್ಲ ನಮ್ಮ ಮನೆಯಲ್ಲೇ ತಲೆ ನರೆಸಿಕೊಂಡ ಒಬ್ಬ ಆಳಿನದು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನ ಹೆಂಡತಿಯನ್ನು ಚಿಗವ್ವ ಎನ್ನುತ್ತಿದ್ದೆ. ಆಕೆ ನಮ್ಮ ಅಂಗಳ ಸಾರಿಸುತ್ತಿದ್ದಳು, ದನ ನೋಡುತ್ತಿದ್ದಳು.

ಮಹಾನವಮಿಗೆ ನಮ್ಮಲ್ಲಿ ಖಂಡೇ ಪೂಜೆ. ಕೂರಿಗೆ, ಕುಡ, ಕುಡಗೋಲು, ಕೊಡಲಿ ಎಲ್ಲವನ್ನೂ ತೊಳೆದು ಪಡಸಾಲೆಯ ಗೋಡೆಗೆ ಒರಗಿಸಿ ವಿಭೂತಿ ಹಚ್ಚುತ್ತೇವೆ. ಪೂಜೆಗೆ ಕೂತ ಸಾಮಾನನ್ನು ಮರುದಿನ ಬೆಳಗಿನವರೆಗೆ ಕದಲಿಸುವಂತಿಲ್ಲ. ಅವ್ವ ಇದ್ದಾಗಿನಿಂದ ಇನ್ನೊಂದು ಪದ್ಧತಿಯಿದೆ: ಆ ದಿನ ಯಾವುದನ್ನೂ ಖಾಲಿ ಇಡಬಾರದು. ಅಳೆಯುವ ಸೇರಿಗೆ ಜೋಳ ತುಂಬಬೇಕು, ಬುಟ್ಟಿಗೆ ಕಾಳು ಹಾಕಬೇಕು, ಕೂರಿಗೆಯ ಬಟ್ಟಲಿಗೂ ಒಂದು ಹಿಡಿ ಬೀಜ.

ಆ ವರ್ಷ ಹಿಂದಿನ ದಿನ ಹೊಲದಲ್ಲಿ ಹಂದಿಗೆಂದು ಬಂದೂಕಿಗೆ ಮದ್ದು, ಚರೆಗುಂಡು ತುಂಬಿದ್ದೆ. ಹಂದಿ ಬರಲಿಲ್ಲ. ಹಾರಿಸದೆ ಕೇಪು ಕಿತ್ತು ಮನೆಗೆ ತಂದೆ. ನವಮಿಯ ಬೆಳಿಗ್ಗೆ ಬಂದೂಕು ಒರಗಿಸುವಾಗ ಇದನ್ನು ಊರ ಹೊರಗೆ ಒಯ್ದು ಹಾರಿಸಿ ಬರಬೇಕು ಎನಿಸಿತು. ಕೂಡಲೇ ಅವ್ವನ ಪದ್ಧತಿ ನೆನಪಾಯಿತು. ಸೇರು ತುಂಬಿದೆ, ಬುಟ್ಟಿ ತುಂಬಿದೆ, ಇದೊಂದನ್ನೇ ಖಾಲಿ ಇಟ್ಟರೆ ಹೇಗೆ? ಮೈಗಳ್ಳತನಕ್ಕೆ ಧರ್ಮದ ಮಾತು ಸಿಕ್ಕಿದಾಗ ಮನಸ್ಸಿಗೆ ಎಷ್ಟು ಹಿತವೆನಿಸುತ್ತದೆ.

ಚಿಗವ್ವ ಸಗಣಿ ಸಾರಿಸುತ್ತಿದ್ದಳು. "ಅದಕ್ಕೇನ ತುಂಬ್ತೀರಿ ಸಣ್ಣ ಧಣ್ಯಾರ, ಜ್ವಾಳಾನೋ ಗೋದಿನೋ?" ಎಂದು ಚ್ಯಾಷ್ಟಿ ಮಾಡಿದಳು.

"ಅದರ ಹೊಟ್ಟಿ ನಿನ್ನೇನ ತುಂಬೇತಿ ಚಿಗವ್ವ. ಅಣ್ಣಗ ಹೇಳಬ್ಯಾಡ."

ಆಕೆ ನಕ್ಕಳು, ಆಮೇಲೆ ನಗು ನಿಲ್ಲಿಸಿ ಬಂದೂಕನ್ನೇ ನೋಡಿದಳು. ಆ ಭಾಗ ಸಾರಿಸುವಾಗ ದೂರದಿಂದಲೇ ಕೈ ಚಾಚಿದ್ದು ನನಗೆ ಕಂಡಿತ್ತು.

ಮರುದಿನ ಬೆಳಿಗ್ಗೆ ಸಾಮಾನು ಎತ್ತಲು ಕಾಕಾ ಬಂದ. ಅಣ್ಣ ಪಡಸಾಲೆಯಲ್ಲಿ ತಾಟು ಹಿಡಿದು ಕೂತಿದ್ದ. ಚಿಗವ್ವ ದನದ ಹಕ್ಕೆಯಲ್ಲಿದ್ದಳು.

"ಸಣ್ಣ ಧಣ್ಯಾರ, ಖಾಲಿ ಐತಲ್ರಿ ಇದು?" ಎಂದು ಕಾಕಾ ಕೇಳಿದ.

ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಂದೆ ನಿಜ ಹೇಳಲು ನಾಚಿಕೆಯಾಯಿತು. ಕೇಪಿಲ್ಲವಲ್ಲ, ಏನಾದೀತು?

"ಖಾಲಿ ಐತಿ ಕಾಕಾ, ಎತ್ತು."

ಅವನು ನಳಿಗೆಯ ಬಾಯಿಯ ಹತ್ತಿರ ಹಿಡಿದು ತನ್ನ ಕಡೆಗೆ ಎಳೆದ. ಕೂರಿಗೆಯ ಹಗ್ಗಕ್ಕೆ ಕುದುರೆ ಸಿಕ್ಕಿ ಹಿಂದಕ್ಕೆ ಹೋಗಿ, ಬಿಟ್ಟು, ಬಡಿಯಿತು. ನಾನು ಕಿತ್ತದ್ದು ಕೇಪಿನ ಟೋಪಿಯನ್ನಷ್ಟೇ. ಅದರೊಳಗಿನ ಮದ್ದಿನ ಚೂರು ಕೇಪು ಕೂರುವ ತೂತಿನ ಮೇಲೆ ಅಂಟಿ ಉಳಿದಿತ್ತು. ಹೀಗಾಗುವುದುಂಟೆಂದು ನನಗೆ ಆಮೇಲೆ ತಿಳಿಯಿತು. ಹೊಗೆ ಸರಿದಾಗ ಕಾಕಾ ಕೂತಿದ್ದ. ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹಸ್ತ ಉಳಿಯಲಿಲ್ಲ. ಪೊಲೀಸರು ಮನೆಗೆ ಬಂದು, ತುಂಬಿದವರು ಯಾರೆಂದು ಕೇಳಿದರು. ಊರ ಹಿರಿಯರೂ ಇದ್ದರು, ಅಣ್ಣನೂ ಇದ್ದ. ಒಂದು ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದ ಮಾತನ್ನು ನಾನು ಹೇಳಿದೆ. "ಹೊಲದಾಗ ಬಂದೂಕು ಕಾಕಾನ ಕೈಯಾಗಿತ್ತು. ಅವನೇ ತುಂಬಿ ಮರ್ತಿರಬೇಕು."

ಆಗ ಚಿಗವ್ವ ಬಾಗಿಲ ಬಳಿಯಿಂದ ಹೇಳಿದಳು: "ಇಲ್ರಿ. ಸಣ್ಣ ಧಣ್ಯಾರ ತುಂಬಿಟ್ಟಿದ್ರು. ನನ್ನ ಮುಂದ ಹೇಳ್ಯಾರ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಸತ್ಯ ಹೇಳಲು ಅದಕ್ಕಿಂತ ಸುಲಭದ ಗಳಿಗೆ ನನಗೆ ಮತ್ತೆ ಸಿಗಲಿಲ್ಲ.

"ಗಂಡನ ಕೈ ಹೋಗೇತಿ, ಆಕಿ ತಲಿ ನೆಟ್ಟಗಿಲ್ಲ," ಎಂದೆ.

ಅಷ್ಟೇ ಸಾಕಾಯಿತು. ಬಂದೂಕನ್ನು ಬೇರೆಯವರ ಕೈಗೆ ಕೊಟ್ಟೆನೆಂದು ಲೈಸೆನ್ಸು ಹೋಯಿತು. ಅದಕ್ಕಿಂತ ಹೆಚ್ಚಿನದೇನೂ ನನಗೆ ಆಗಲಿಲ್ಲ. ಊರಿನವರು ಮಾತ್ರ ಆಕೆಗೆ ಹೊಸ ಹೆಸರು ಕಟ್ಟಿದರು. ಕಳೆ ತೆಗೆಯುವ ಹೆಂಗಸರು, "ಉಂಡ ಮನಿ ಜಂತಿ ಎಣಿಸಿದಾಕಿ ಬಂದ್ಲು, ಬಾಯಿ ಮುಚ್ಚರೆ," ಎನ್ನುವುದನ್ನು ನಾನೇ ಬದುವಿನಲ್ಲಿ ನಿಂತು ಕೇಳಿದ್ದೇನೆ, ಕೇಳಿಸದವನಂತೆ ನಡೆದಿದ್ದೇನೆ.

ನನ್ನನ್ನು ಹೆಚ್ಚು ಹೆದರಿಸಿದ್ದು ಕಾಕಾ. ಆಸ್ಪತ್ರೆಯಿಂದ ಬಂದವನು ಬರಬರುತ್ತಾ, "ನಾನೇ ತುಂಬಿರಬೇಕು, ಮದ್ದು ಜಡಿದದ್ದು ನೆನಪಿಗೆ ಬರ್ತೈತಿ," ಎನ್ನತೊಡಗಿದ. ಸುಳ್ಳು ನನ್ನದು, ನೆನಪು ಅವನದಾಯಿತು. ಇಲ್ಲವೆಂದು ಹೇಳಿದ ಹೆಂಡತಿಯನ್ನು ಅವನು ಬೈದ. ಒಮ್ಮೆ ಉಳಿದ ಕೈಯಿಂದ ಹೊಡೆದನೆಂದೂ ಕೇಳಿದೆ. ಅಲ್ಲಿಂದಾಚೆಗೆ ಆಕೆ ಆ ಮಾತು ಎತ್ತಲಿಲ್ಲ.

ಅಣ್ಣ ಹಾಸಿಗೆ ಹಿಡಿದಾಗ ಅವನಿಗೆ ನಿಜ ಹೇಳಿದೆ. ಅವನು ಗೋಡೆಯ ಕಡೆ ಹೊರಳಿದ. ಕಾಕಾನಿಗೂ ಹೇಳಿದೆ, ಅವನು ಸಾಯುವ ಮುಂಚಿನ ಮಳೆಗಾಲದಲ್ಲಿ, ಅವನ ಕಾಲು ಮುಟ್ಟಿ. ಅವನು ನಂಬಲಿಲ್ಲ.

"ನೀವು ದೊಡ್ಡ ಮನಸ್ಸಿನವ್ರು ಬಿಡ್ರಿ. ನನ್ನ ತಪ್ಪು ನಿಮ್ಮ ತಲಿ ಮ್ಯಾಲ ಹಾಕ್ಕೊಳ್ಳಾಕ ಹೊಂಟೀರಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆಕೆ ಕೇಳಿಸಿಕೊಂಡಳೆಂದು ನನಗೆ ಗೊತ್ತು. ಹೊರಗೆ ಬರುತ್ತಾಳೆಂದು ಹೆದರಿ, ಚಪ್ಪಲಿ ಮೆಟ್ಟಿ, ಕಾಕಾನ ಮಾತು ಮುಗಿಯುವ ಮೊದಲೇ ಎದ್ದು ಬಂದೆ.

ಬಾಜು ಹೊಲದವನಿಗೆ ನಾಳೆ ಇದನ್ನೂ ಹೇಳುತ್ತೇನೆ. ಊರಿಗೆ ಗೊತ್ತಾಗಲಿ. ಆದರೆ ಊರಿಗೆ ಹೇಳಿದ್ದು ಆಕೆಗೆ ಹೇಳಿದಂತಲ್ಲ. ಆಕೆ ಇನ್ನೂ ಇದ್ದಾಳೆ, ಹನುಮಪ್ಪನ ಗುಡಿಯ ಹಿಂದಿನ ಮನೆಯಲ್ಲಿ ಒಬ್ಬಳೇ. ನಮ್ಮ ಮನೆಯ ಮುಂದೆ ಹಾಯುವಾಗ ಸೆರಗು ಹೊದ್ದು ನೇರ ನೋಡುತ್ತಾ ನಡೆಯುತ್ತಾಳೆ. ಆಕೆ ಅಂದು ನುಡಿದದ್ದು ನಿಜ. ಅಷ್ಟನ್ನು ಎದುರು ನಿಂತು ಹೇಳಿ ತಪ್ಪೊಪ್ಪಿಕೊಳ್ಳಲು ನನಗೆ ಇಂದಿಗೂ ಆಗದೆ ಉಳಿದಿರುವುದು ಒಬ್ಬರ ಮುಂದೆ ಮಾತ್ರ, ಚಿಗವ್ವನ ಮುಂದೆ.